ಸೆಪ್ಟಿಕ್ ಟ್ಯಾಂಕ್ ಮನೆಯ ಬಚ್ಚಲು ವಾಸನೆ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ತುಮಕೂರಿನ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು "ಬಾತ್‌ರೂಮ್ ವಾಸನೆ ಬರ್ತಿದೆ" ಅಂದುನೋಡಿ. ಒಬ್ಬರು ಫಿನಾಯಿಲ್ ಅನ್ನುತ್ತಾರೆ. ಅಂಗಡಿಯವರು ಹೊಸ ಜಾಲಿ ತೆಗೆದು ಕೌಂಟರ್ ಮೇಲೆ ಇಡುತ್ತಾರೆ. ಪಕ್ಕದಲ್ಲಿ ಪೈಪ್ ಕೊಳ್ಳಲು ಬಂದ ಮೇಸ್ತ್ರಿ, "ಪಿಟ್ ತುಂಬಿರ್ಬೇಕು, ಖಾಲಿ ಮಾಡಿಸ್ಬಿಡಿ ಸಾರ್" ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ವಾಸನೆ ಯಾವ ತೂತಿನಿಂದ ಬರುತ್ತಿದೆ, ಯಾವ ಹೊತ್ತಿನಲ್ಲಿ ಬರುತ್ತಿದೆ ಅಂತ ಒಬ್ಬರೂ ಕೇಳಲಿಲ್ಲ ಅಲ್ವಾ? ಒಂದು ಚೊಂಬು ನೀರಿನಲ್ಲಿ ಮುಗಿಯುವ ಕೆಲಸಕ್ಕೆ ಟೈಲ್ಸ್ ಒಡೆಸುವವರೂ ಇದ್ದಾರೆ, ಪೈಪ್ ಕೆಲಸ ಬೇಕಾದ ಕಡೆ ವರ್ಷಗಟ್ಟಲೆ ಫಿನಾಯಿಲ್ ಸುರಿಯುವವರೂ ಇದ್ದಾರೆ.

ಯುಜಿಡಿ ಲೈನ್, ಅಂದರೆ ಊರಿನ ಒಳಚರಂಡಿ ಪೈಪು ಬಂದಿರುವ ಬೀದಿಗಳ ಕಥೆ ಬೇರೆ. ನಾನು ಹೇಳುತ್ತಿರುವುದು ಊರ ಹೊರಗಿನ ಹೊಸ ಲೇಔಟುಗಳು, ಗುಬ್ಬಿ, ಸಿರಾ, ಮಧುಗಿರಿ, ಕೊರಟಗೆರೆ ಕಡೆ ಸ್ವಂತ ಜಾಗದಲ್ಲಿ ಕಟ್ಟಿದ ಮನೆಗಳ ಬಗ್ಗೆ. ಇಂಥ ಕಡೆ ಕಾಂಪೌಂಡ್ ಒಳಗೇ ಸೆಪ್ಟಿಕ್ ಟ್ಯಾಂಕು, ಜನರ ಬಾಯಲ್ಲಿ ಪಿಟ್. ಬಹಳ ಸಲ ಪೋರ್ಟಿಕೋ ಕೆಳಗೆ, ಕಾರು ನಿಲ್ಲುವ ಜಾಗದಲ್ಲೇ ಇರುತ್ತದೆ. ಕಕ್ಕಸು, ಬಚ್ಚಲು, ಬೇಸಿನ್, ವಾಷಿಂಗ್ ಮಷಿನ್ ಎಲ್ಲದರ ನೀರೂ ಒಂದೇ ಪೈಪಿಗೆ ಸೇರಿ ಅಲ್ಲಿಗೆ ಹೋಗುತ್ತದೆ.

ಟ್ಯಾಂಕ್ ಇದ್ದ ಮೇಲೆ ಗ್ಯಾಸ್ ಇದ್ದೇ ಇರುತ್ತದೆ. ಗಾಳಿಯಿಲ್ಲದ ಜಾಗದಲ್ಲಿ ಮಲ ಕೊಳೆತಾಗ ಮೀಥೇನ್, ಇಂಗಾಲದ ಡೈಆಕ್ಸೈಡ್, ಅವುಗಳ ಜೊತೆಗೆ ಸ್ವಲ್ಪ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಕೊಳೆತ ಮೊಟ್ಟೆಯ ನಾತ ಈ ಕೊನೆಯದ್ದು. ಟ್ಯಾಂಕ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಇದು ಹುಟ್ಟುತ್ತದೆ. ಹಾಗಾಗಿ ವಾಸನೆಯನ್ನು "ಸಾಯಿಸುವ" ಮಾತೆಲ್ಲ ಜಾಹೀರಾತಿಗೆ ಮಾತ್ರ. ನಮ್ಮ ಕೈಲಿ ಆಗುವುದು ಎರಡೇ. ಮನೆಯ ಕಡೆ ಇರುವ ದಾರಿ ಮುಚ್ಚಬೇಕು, ಆಕಾಶದ ಕಡೆ ದಾರಿ ಬಿಡಬೇಕು. ಮುಂದೆ ಬರುವ ಒಂದೊಂದು ಉಪಾಯವನ್ನೂ ಈ ಎರಡರಲ್ಲಿ ಯಾವುದನ್ನು ಮಾಡುತ್ತದೆ ಅಂತ ಕೇಳಿ ತೂಗಿದ್ದೇನೆ. ಎರಡನ್ನೂ ಮಾಡದ ಉಪಾಯಕ್ಕೆ ದುಡ್ಡು ದಂಡ.

ಮೊದಲು ತೂತು ಹುಡುಕಿ

ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಅರ್ಧ ನೀರು ತುಂಬಿ ಗಂಟು ಹಾಕಿ. ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಅದನ್ನು ನೆಲದ ಜಾಲಿಯ ಮೇಲೆ ಇಡಿ. ನೀರಿನ ಭಾರಕ್ಕೆ ಕವರು ಜಾಲಿಗೆ ಅಂಟಿ ಕೂರುತ್ತದೆ, ಗಾಳಿ ಆಡುವುದಿಲ್ಲ. ಬಾಗಿಲು, ಕಿಟಕಿ ಮುಚ್ಚಿಬಿಡಿ. ಬೆಳಗ್ಗೆ ಬಾಗಿಲು ತೆಗೆದಾಗ ನಾತ ಇಲ್ಲದಿದ್ದರೆ ಕಳ್ಳ ನೆಲದ ಜಾಲಿಯೇ. ನಾತ ಹಾಗೇ ಇದ್ದರೆ ಜಾಲಿಗೆ ಖರ್ಚು ಮಾಡುವುದನ್ನು ಅಲ್ಲಿಗೇ ಬಿಡಿ.

ಆಗ ವಾಶ್ ಬೇಸಿನ್ ಕೆಳಗೆ ಬಗ್ಗಿ ನೋಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಅರ್ಧಕ್ಕರ್ಧ ತಕರಾರು ಇಲ್ಲೇ ಇರುತ್ತದೆ ಅನ್ನುವುದು ನನ್ನ ಅನಿಸಿಕೆ. ಬೇಸಿನ್ನಿನಿಂದ ಬರುವ ಬಿಳಿ ಸುರುಳಿ ಪೈಪನ್ನು ಗೋಡೆಯ ತೂತಿಗೆ ಸುಮ್ನೆ ತುರುಕಿ, ಮೇಲೆ ಒಂದು ಸ್ಟೀಲ್ ಬಿಲ್ಲೆ ಒತ್ತಿರುತ್ತಾರೆ. ನೋಡಲು ಚೆಂದ. ಬಿಲ್ಲೆ ಸರಿಸಿದರೆ ಪೈಪಿನ ಸುತ್ತ ಬೆರಳು ತೂರುವಷ್ಟು ಸಂದು ಕಾಣುತ್ತದೆ. ಅದರೊಳಗಿಂದ ಬರುವ ಗಾಳಿ ನೇರವಾಗಿ ಚೇಂಬರಿನದು, ಅಂದರೆ ಮನೆಯ ಪೈಪುಗಳು ಬಂದು ಸೇರುವ ಹೊರಗಿನ ತೊಟ್ಟಿಯದು. ಇದಕ್ಕೆ ಒಂದು ರಬ್ಬರ್ ಕಾಲರ್ ಸಾಕು. ಅದು ಸಿಗದಿದ್ದರೆ ಸಂದಿಗೆ ಎಂ-ಸೀಲ್ ಮೆತ್ತಿ. ಜೊತೆಗೆ ಸುರುಳಿ ಪೈಪನ್ನು ಒಂದು ಕಡೆ ಕೆಳಕ್ಕೆ ಬಗ್ಗಿಸಿ, ಅಲ್ಲಿ ನೀರು ನಿಲ್ಲುವ ಹಾಗೆ ಕಟ್ಟಿ. ಹೀಗೆ ನೀರು ನಿಲ್ಲಿಸಿ ಗ್ಯಾಸ್ ತಡೆಯಲೆಂದೇ ಮಾಡಿದ ಬಾಟಲ್ ಟ್ರ್ಯಾಪ್ ಹಾಕಿಸಿದರೆ ಇನ್ನೂ ಒಳ್ಳೆಯದು. ಇಷ್ಟಕ್ಕೇ ಮುಗಿದುಹೋದ ಮನೆಗಳು ಬೇಕಾದಷ್ಟಿವೆ.

ಕಮೋಡ್ ಬುಡ ಅಲ್ಲಾಡುತ್ತಿದ್ದರೆ ಅಲ್ಲಿಯ ಸೀಲ್ ಬಿಟ್ಟಿದೆ ಅಂತ ಅರ್ಥ. ಬುಡದ ಸುತ್ತ ಬಿಳಿ ಸಿಮೆಂಟ್ ಬಳಿದರೆ ನೀರು ಕಾಣುವುದು ನಿಲ್ಲಬಹುದು, ಒಳಗಿನ ಸೋರಿಕೆ ನಿಲ್ಲುವುದಿಲ್ಲ. ಕಮೋಡ್ ಎತ್ತಿ ಕೂರಿಸಲೇಬೇಕು.

ವಾಸನೆ ಬರುವ ಹೊತ್ತನ್ನೂ ಗಮನಿಸಿ. ಜಾತ್ರೆಗೋ ಹಬ್ಬಕ್ಕೋ ಮನೆಗೆ ಬೀಗ ಹಾಕಿ ಹೋಗಿ ಬಂದಾಗ ಮಾತ್ರ ಬಂದರೆ ಜಾಲಿಯ ಕೆಳಗಿನ ಟ್ರ್ಯಾಪಿನಲ್ಲಿ ನಿಂತ ನೀರು ಆರಿದೆ, ಅಷ್ಟೇ. ಮೇಲಿನ ಮಹಡಿಯವರು ಫ್ಲಶ್ ಮಾಡಿದಾಗ ಕೆಳಗಿನ ಜಾಲಿ ಗುಳುಗುಳು ಅಂದು, ಆಮೇಲೆ ನಾತ ಶುರುವಾದರೆ ಪೈಪಿಗೆ ಗಾಳಿ ಸಾಲುತ್ತಿಲ್ಲ. ಎಕ್ಸಾಸ್ಟ್ ಫ್ಯಾನ್ ಹಾಕಿದಾಗಲೇ ಜಾಸ್ತಿ ಆಗುತ್ತದೆಯೇ? ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದ ಕೋಣೆಯಿಂದ ಫ್ಯಾನ್ ಗಾಳಿ ಎಳೆದಾಗ ಆ ಗಾಳಿ ಎಲ್ಲಿಂದಾದರೂ ಬರಬೇಕಲ್ಲ, ಒಣಗಿದ ಜಾಲಿಯಿಂದಲೇ ಬರುತ್ತದೆ. ವಾಸನೆ ಹೋಗಲಿ ಅಂತ ಹಾಕಿದ ಫ್ಯಾನೇ ವಾಸನೆಯನ್ನು ಒಳಗೆ ಕರೆಯುತ್ತಿರುತ್ತದೆ. ಬಾಗಿಲಿನ ಕೆಳಗೆ ಒಂದು ಬೆರಳು ಸಂದು ಬಿಟ್ಟರೆ ಈ ಎಳೆತ ಎಷ್ಟೋ ಕಡಿಮೆಯಾಗುತ್ತದೆ.

ಇನ್ನೊಂದಿದೆ, ಅದನ್ನು ಬಹಳ ಜನ ಮರೆಯುತ್ತಾರೆ. ಬಿಸಿನೀರು ಬಿಟ್ಟಾಗ ಮಾತ್ರ ಮೊಟ್ಟೆ ನಾತ ಬಂದರೆ ಮೋರಿಯ ತಪ್ಪೇ ಅಲ್ಲದಿರಬಹುದು. ಕೆಲವು ಬೋರ್‌ವೆಲ್ ನೀರಿನಲ್ಲಿರುವ ಸಲ್ಫೇಟನ್ನು ಗೀಸರ್ ಒಳಗಿನ ಬ್ಯಾಕ್ಟೀರಿಯಾ ಇದೇ ಹೈಡ್ರೋಜನ್ ಸಲ್ಫೈಡ್ ಆಗಿ ಬದಲಾಯಿಸುತ್ತವೆ. ಗೀಸರಿನ ಮೆಗ್ನೀಷಿಯಂ ಸರಳು ಅದಕ್ಕೆ ನೆರವಾಗುತ್ತದೆ. ಒಂದು ಬಕೆಟ್ ಬಿಸಿನೀರು ಹಿಡಿದು ಅಂಗಳಕ್ಕೆ ತಂದು ಮೂಸಿನೋಡಿ. ಅಲ್ಲೂ ನಾತ ಇದ್ದರೆ ಕರೆಯಬೇಕಾದದ್ದು ಗೀಸರ್ ರಿಪೇರಿಯವರನ್ನು, ಪ್ಲಂಬರನ್ನಲ್ಲ.

ನೀರು ಹಾಕುವುದು: ಎಲ್ಲಕ್ಕಿಂತ ಅಗ್ಗ

ಜಾಲಿಯ ಕೆಳಗೆ ಇರುವ ಬಾಗಿದ ಭಾಗಕ್ಕೆ ನಮ್ಮ ಪ್ಲಂಬರ್‌ಗಳು ನಹಾನಿ ಟ್ರ್ಯಾಪ್ ಅನ್ನುತ್ತಾರೆ. ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಟ್ಯಾಂಕಿನ ಗ್ಯಾಸ್ ಈ ನೀರನ್ನು ದಾಟಿ ಮೇಲೆ ಬರಲಾರದು. ಒಳ್ಳೆಯ ಟ್ರ್ಯಾಪಿನಲ್ಲಿ ಈ ನೀರಿನ ತಡೆ 50 ಮಿಲಿಮೀಟರ್, ಅಂದರೆ ಸುಮಾರು ಎರಡು ಇಂಚು ಇರಬೇಕು. ಸಾವಿರಾರು ರೂಪಾಯಿಯ ಬೇರೆ ಯಾವ ಸಾಧನವೂ ಈ ಎರಡು ಇಂಚು ನೀರಿನಷ್ಟು ಚೆನ್ನಾಗಿ ವಾಸನೆ ತಡೆಯುವುದಿಲ್ಲ.

ಜಾಲಿ ಎತ್ತಿ ಒಂದು ಪೊರಕೆ ಕಡ್ಡಿ ಇಳಿಬಿಟ್ಟು ನೋಡಿ. ಒಣಗಿಯೇ ಬಂದರೆ ಉತ್ತರ ಸಿಕ್ಕಿತು. ತುದಿ ಒಂದು ಇಂಚು ಮಾತ್ರ ಒದ್ದೆಯಾದರೆ ಟ್ರ್ಯಾಪ್ ಆಳ ಸಾಲದು, ಇಲ್ಲವೇ ನೀರು ಎಲ್ಲೋ ಎಳೆದುಹೋಗುತ್ತಿದೆ. ಹಳೆಯ ಮನೆಗಳಲ್ಲಿ ಜಾಲಿಯ ಕೆಳಗೆ ಒಂದು ಬಟ್ಟಲಿನಂಥದ್ದು ಕವುಚಿಕೊಂಡು ಕೂತಿರುತ್ತದೆ. ಕೂದಲು ಸಿಕ್ಕಿ ನೀರು ನಿಧಾನವಾಗುತ್ತದೆ ಅಂತ ಯಾರೋ ಅದನ್ನು ಕಿತ್ತು ಎಸೆದಿರುತ್ತಾರೆ. ಅವತ್ತಿನಿಂದ ನೀರೂ ಸರಾಗ, ನಾತವೂ ಸರಾಗ. ಆ ಬಟ್ಟಲೇ ನೀರಿನ ತಡೆ ಮಾಡುತ್ತಿದ್ದದ್ದು, ಅದನ್ನು ವಾಪಸ್ ಕೂರಿಸಬೇಕು.

ಬಳಸದ ಗೆಸ್ಟ್ ಬಾತ್‌ರೂಮಿಗೆ ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ, ಅದರಲ್ಲೂ ಪಾವಗಡ, ಸಿರಾ ಕಡೆ ಎರಡು ಸಲ ಹಾಕಿ. ತಿಂಗಳುಗಟ್ಟಲೆ ಬೀಗ ಹಾಕಿ ಹೋಗುವವರು ಟ್ರ್ಯಾಪಿಗೆ ನೀರು ತುಂಬಿ, ಮೇಲೆ ಒಂದೆರಡು ಚಮಚ ಅಡುಗೆ ಎಣ್ಣೆ ಬಿಡಬಹುದು. ಎಣ್ಣೆಯ ಪದರ ನೀರು ಆರುವುದನ್ನು ನಿಧಾನ ಮಾಡುತ್ತದೆ. ಇದು ಬೀಗ ಹಾಕಿದ ಮನೆಗೆ ಮಾತ್ರ. ದಿನಾ ಬಳಸುವ ಬಚ್ಚಲಿಗೆ ಎಣ್ಣೆ ಹಾಕಿದರೆ ಜಿಡ್ಡು ಕಟ್ಟಿ ಹೊಸ ತಲೆನೋವು ಶುರುವಾಗುತ್ತದೆ.

ಉಜ್ಜುವುದೋ, ಸುರಿಯುವುದೋ

ಟ್ರ್ಯಾಪಿನಲ್ಲಿ ನೀರಿದೆ, ಆದರೂ ವಾಸನೆ ಇದೆ ಅಂದರೆ ವಾಸನೆ ಟ್ಯಾಂಕಿನದಲ್ಲ, ಟ್ರ್ಯಾಪಿನ ಗೋಡೆಯದೇ ಇರಬಹುದು. ಕೈಗವಸು ಹಾಕಿಕೊಂಡು ಒಳಗೆ ಬೆರಳಾಡಿಸಿದರೆ ಗೊತ್ತಾಗುತ್ತದೆ. ಕೂದಲು, ಸೋಪು, ಚರ್ಮದ ಮಣ್ಣು ಎಲ್ಲ ಸೇರಿ ಕರಿ ಲೋಳೆಯಾಗಿ ಅಂಟಿರುತ್ತದೆ. ಹೊರಗೆಳೆದರೆ ಉದ್ದಕ್ಕೆ ಬಾಲದ ಹಾಗೆ ಬರುತ್ತದೆ.

ನಮ್ಮ ಕಡೆ ಇದು ಜಾಸ್ತಿ ಆಗುವುದಕ್ಕೆ ಕಾರಣ ನೀರು. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಬೂದು ಗಸಿ ಆಗುತ್ತದೆ. ಬಕೆಟ್ ಅಂಚಿನಲ್ಲಿ ಬೆಳ್ಳಗೆ ಕಟ್ಟುತ್ತದಲ್ಲ, ಅದೇ. ಪೈಪಿನ ಒಳಗೂ ಅದೇ ಕಟ್ಟುತ್ತದೆ, ಅದರ ಮೇಲೆ ಲೋಳೆ ಬೆಳೆಯುತ್ತದೆ. ಇದಕ್ಕೆ ನಾನು ಕೊಡುವ ಮೊದಲ ಸ್ಥಾನ ಉದ್ದ ಹಿಡಿಯ ಬ್ರಷ್‌ಗೆ. ಉಜ್ಜಿ, ಕಸ ಕೈಯಲ್ಲೇ ತೆಗೆದು, ಆಮೇಲೆ ವಾಷಿಂಗ್ ಸೋಡಾ ಹಾಕಿ ಸ್ನಾನದ ಬಿಸಿಯಷ್ಟು ನೀರು ಬಿಡಿ. ಕುದಿಯುವ ನೀರು ಬೇಡ. ಪಿವಿಸಿ ಪೈಪ್ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗಲು ಶುರುವಾಗುತ್ತದೆ, ಜಾಯಿಂಟ್ ಬಿಡಬಹುದು.

ಅಡುಗೆ ಸೋಡಾ, ವಿನೆಗರ್ ಒಟ್ಟಿಗೆ ಸುರಿಯುವ ವಿಡಿಯೋಗಳನ್ನು ಎಲ್ಲರೂ ನೋಡಿರುತ್ತೀರಿ. ನೊರೆ ಬುಸ್ಸನೆ ಏಳುತ್ತದೆ, ಕಣ್ಣಿಗೆ ಹಬ್ಬ. ಒಂದು ಕ್ಷಾರ, ಇನ್ನೊಂದು ಆಮ್ಲ, ಎರಡೂ ಸೇರಿ ಒಂದನ್ನೊಂದು ಸಪ್ಪೆ ಮಾಡಿಕೊಳ್ಳುತ್ತವೆ. ಉಳಿಯುವುದು ಉಪ್ಪುನೀರಿನಂಥದ್ದು. ವಿನೆಗರ್ ಹಾಕುವುದಿದ್ದರೆ ಅದೊಂದನ್ನೇ ಹಾಕಿ, ಗಡಸು ಗಸಿಗೆ ಸ್ವಲ್ಪ ಕೆಲಸ ಮಾಡುತ್ತದೆ.

ಆಸಿಡ್ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳಬೇಕು. ಟೈಲ್ಸ್ ಬಿಳುಪಿಗೆ ಬಾಟಲಿ ಆಸಿಡ್ ತರುವ ಅಭ್ಯಾಸ ನಮ್ಮಲ್ಲಿ ಗಟ್ಟಿ ಇದೆ. ವಾಸನೆಗೂ ಅದನ್ನೇ ಸುರಿಯುತ್ತಾರೆ. ಕರಿ ಲೋಳೆಯಲ್ಲಿ ಸಲ್ಫೈಡ್ ಇರುತ್ತದೆ. ಅದರ ಮೇಲೆ ಆಸಿಡ್ ಬಿದ್ದರೆ ಹೈಡ್ರೋಜನ್ ಸಲ್ಫೈಡ್ ಇನ್ನಷ್ಟು ಬಿಡುಗಡೆಯಾಗುತ್ತದೆ. ವಾಸನೆ ಹೋಗಲಿ ಅಂತ ಹಾಕಿದ್ದು ವಾಸನೆಯನ್ನೇ ಎಬ್ಬಿಸುತ್ತದೆ. ಸ್ಟೀಲ್ ಜಾಲಿ ತುಕ್ಕು ಹಿಡಿಯುತ್ತದೆ, ಟೈಲ್ಸ್ ಸಂದಿನ ಸಿಮೆಂಟ್ ಸವೆಯುತ್ತದೆ. ಇನ್ನು ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಉದುರಿಸಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಕಾಸ್ಟಿಕ್ ಸೋಡಾ ಇರುವ ಡ್ರೈನ್ ಪೌಡರ್ ಮತ್ತು ಆಸಿಡ್ ಕೂಡ ಒಟ್ಟಿಗೆ ಸೇರಬಾರದು, ಸಿಡಿಯುತ್ತದೆ.

ಫಿನಾಯಿಲ್ ಮತ್ತು ನುಸಿಗುಳಿಗೆ ಒಂದು ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತವೆ, ಅಷ್ಟೇ. ಬೀಗರು ಬರುವ ದಿನಕ್ಕೆ ಆದೀತು.

ಜಾಲಿ, ಸಿಲಿಕಾನ್ ವಾಲ್ವ್, ಹೊಸ ಟ್ರ್ಯಾಪ್

ನೆಲದ ಜಾಲಿಯೇ ಕಳ್ಳ ಅಂತ ಖಾತ್ರಿಯಾಗಿ, ನೀರು ಹಾಕಿದರೂ ಉಜ್ಜಿದರೂ ನಿಲ್ಲದಿದ್ದರೆ ಮೂರು ದಾರಿ ಇವೆ.

ಜಿರಳೆ ಜಾಲಿ ಅಂತ ಮಾರುವ ಸ್ಟೀಲ್ ಜಾಲಿಗಳಲ್ಲಿ ಕೆಳಗೆ ಒಂದು ಪುಟ್ಟ ಬಟ್ಟಲಿರುತ್ತದೆ. ಜಿರಳೆಗೆ ಅದು ಒಳ್ಳೆಯದು. ವಾಸನೆಗೆ ಸುಮಾರು. ಬಟ್ಟಲಿನಲ್ಲಿ ನಿಲ್ಲುವ ನೀರು ತೀರಾ ಕಡಿಮೆ, ಬೇಸಿಗೆಯಲ್ಲಿ ಬೇಗ ಆರುತ್ತದೆ.

ಸಿಲಿಕಾನ್ ವಾಲ್ವ್ ಇತ್ತೀಚಿನದು. ನೀರು ಬಿದ್ದಾಗ ತುಟಿ ತೆರೆದು, ನಿಂತಾಗ ಮುಚ್ಚಿಕೊಳ್ಳುವ ರಬ್ಬರಿನಂಥ ಕೊಳವೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಟೈಲ್ಸ್ ಮುಟ್ಟಬೇಕಿಲ್ಲ, ಜಾಲಿ ಎತ್ತಿ ಒಳಗೆ ಒತ್ತಿದರೆ ಮುಗಿಯಿತು. ಬಾಡಿಗೆ ಮನೆಯವರಿಗೆ ನಾನು ಹೇಳುವುದು ಇದನ್ನೇ. ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು. ಆದರೆ ಕೊಳ್ಳುವ ಮುಂಚೆ ತೂತಿನ ಒಳಗಿನ ಅಗಲ ಅಳೆಯಿರಿ, ಜಾಲಿಯ ಅಗಲ ಅಲ್ಲ. ಒಂದು ದಾರ ಅಗಲ ಸಡಿಲವಾದರೂ ಪಕ್ಕದಿಂದ ಗ್ಯಾಸ್ ಬರುತ್ತದೆ. ಉದ್ದ ಕೂದಲಿನವರು ಇರುವ ಮನೆಯಲ್ಲಿ ತುಟಿಗೆ ಕೂದಲು ಸಿಕ್ಕಿ ಅರೆ ತೆರೆದೇ ಉಳಿಯುತ್ತದೆ, ಹದಿನೈದು ದಿನಕ್ಕೊಮ್ಮೆ ತೆಗೆದು ತೊಳೆಯಬೇಕು. ಗಡಸು ನೀರಿನ ಗಸಿ ಕಟ್ಟಿ ಸಿಲಿಕಾನ್ ಕ್ರಮೇಣ ಬಿರುಸಾಗುತ್ತದೆ. ಇದನ್ನು ಶಾಶ್ವತ ಅಂತ ನಂಬಬೇಡಿ. ಬಕೆಟ್ ನೀರು ಒಮ್ಮೆಲೇ ಸುರಿಯುವ ಬಚ್ಚಲಿನಲ್ಲಿ ನೀರು ನಿಧಾನವಾಗಿ ಇಳಿಯುತ್ತದೆ ಅನ್ನುವುದೂ ನೆನಪಿರಲಿ.

ಟ್ರ್ಯಾಪ್ ಬದಲಾಯಿಸುವುದು ದೊಡ್ಡ ಕೆಲಸ. ಟೈಲ್ಸ್ ಒಡೆಯಬೇಕು, ಕೆಳಗಿನ ಕಾಂಕ್ರೀಟ್ ಕೆತ್ತಬೇಕು, ಮತ್ತೆ ವಾಟರ್‌ಪ್ರೂಫಿಂಗ್ ಮಾಡಬೇಕು, ಅದೇ ಬಣ್ಣದ ಟೈಲ್ಸ್ ಸಿಗಬೇಕು. ಮಹಡಿ ಮೇಲಿನ ಬಾತ್‌ರೂಮಾದರೆ ವಾಟರ್‌ಪ್ರೂಫಿಂಗ್ ಕೆಟ್ಟಾಗ ಕೆಳಗಿನ ಸೀಲಿಂಗಿಗೆ ನೀರು ಇಳಿಯುತ್ತದೆ. ಒಳಗೆ ಟ್ರ್ಯಾಪೇ ಇಲ್ಲದೆ ಬರೀ ಎಲ್ಬೋ (ನೀರು ನಿಲ್ಲದ ಬಾಗು ಪೈಪು) ಹಾಕಿ ಬಿಟ್ಟಿದ್ದಾರೆ ಅಂತ ಗೊತ್ತಾದರೆ ಮಾತ್ರ ಇದಕ್ಕೆ ಕೈ ಹಾಕಿ. ಅಂಥ ಮನೆಗಳೂ ಇವೆ. ಮಾಡಿಸುವುದೇ ಆದರೆ 50 ಮಿಲಿಮೀಟರ್ ನೀರಿನ ತಡೆ ಇರುವ ಟ್ರ್ಯಾಪ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಅಂಗಡಿಯಲ್ಲಿ ಗಿಡ್ಡದ್ದೂ ಇರುತ್ತದೆ, ಗಾರೆ ಕೆಲಸದವರಿಗೆ ಅದು ಸುಲಭ, ಅದನ್ನೇ ತರುತ್ತಾರೆ.

ಗಾಳಿ ಪೈಪು ಮೊದಲೋ, ಪಿಟ್ ಖಾಲಿ ಮಾಡಿಸುವುದು ಮೊದಲೋ

ಹೆಚ್ಚು ದುಡ್ಡು ತಪ್ಪು ಕಡೆ ಹೋಗುವುದು ಇಲ್ಲೇ.

ಫ್ಲಶ್ ಮಾಡಿದಾಗ ಒಂದಷ್ಟು ನೀರು ಪೈಪ್ ತುಂಬಿಕೊಂಡು ರಭಸವಾಗಿ ಇಳಿಯುತ್ತದೆ. ಅದರ ಹಿಂದೆ ಗಾಳಿ ಬೇಕು. ಪೈಪಿನ ತುದಿ ಮೇಲೆ ತೆರೆದಿದ್ದರೆ ಅಲ್ಲಿಂದ ಎಳೆದುಕೊಳ್ಳುತ್ತದೆ. ತೆರೆದಿಲ್ಲದಿದ್ದರೆ ಹತ್ತಿರದ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗುತ್ತದೆ. ಗುಳುಗುಳು ಸದ್ದು ಅದೇ. ಆಮೇಲೆ ಆ ಟ್ರ್ಯಾಪ್ ಬರಿದು, ನಾತಕ್ಕೆ ಹೆಬ್ಬಾಗಿಲು. ನೀವು ಎಷ್ಟು ಸಲ ಚೊಂಬು ನೀರು ಹಾಕಿದರೂ ಮುಂದಿನ ಫ್ಲಶ್‌ಗೆ ಮತ್ತೆ ಅದೇ ಕಥೆ. ಇನ್ನೊಂದು ಕಡೆ, ಟ್ಯಾಂಕಿನಲ್ಲಿ ಹುಟ್ಟಿದ ಗ್ಯಾಸಿಗೂ ಹೊರದಾರಿ ಬೇಕು. ಮೇಲೆ ದಾರಿಯಿಲ್ಲದಿದ್ದರೆ ಅದು ಮನೆಯ ಪೈಪಿನಲ್ಲೇ ಹಿಂದಕ್ಕೆ ಏರಿ, ಎಲ್ಲಿ ನೀರಿನ ತಡೆ ಸಡಿಲವೋ ಅಲ್ಲಿ ಹೊರಬರುತ್ತದೆ.

ಎರಡಕ್ಕೂ ಮದ್ದು ವೆಂಟ್ ಪೈಪ್. ಭಾರತೀಯ ಮಾನಕ ಐಎಸ್ 2470 ಹೇಳುವ ಪ್ರಕಾರ ಸೆಪ್ಟಿಕ್ ಟ್ಯಾಂಕಿನ ವೆಂಟ್ ಪೈಪ್ ಕನಿಷ್ಠ 50 ಮಿಲಿಮೀಟರ್ ಇರಬೇಕು. ಟ್ಯಾಂಕ್ ಮನೆಯಿಂದ 15 ಮೀಟರ್ ಒಳಗಿದ್ದರೆ ಪೈಪು ಕಟ್ಟಡದ ತುದಿಗಿಂತ 2 ಮೀಟರ್ ಎತ್ತರಕ್ಕೆ ಹೋಗಬೇಕು. 30x40 ಸೈಟಿನ ಉದ್ದವೇ 12 ಮೀಟರ್ ಚಿಲ್ಲರೆ. 15 ಮೀಟರ್ ದೂರ ಎಲ್ಲಿಂದ ತರುವುದು? ಅಂದರೆ ನಮ್ಮ ಎಲ್ಲ ಮನೆಗಳಿಗೂ ಈ ಎರಡನೆಯ ನಿಯಮವೇ. ಈಗ ನಿಮ್ಮ ಬೀದಿಯಲ್ಲಿ ಒಂದು ಸುತ್ತು ನಡೆದು ನೋಡಿ. ಟ್ಯಾಂಕಿನ ಪಕ್ಕ ಸೊಂಟದೆತ್ತರಕ್ಕೆ ನಿಂತ ಪೈಪು, ಕಿಟಕಿಯ ಮಟ್ಟದಲ್ಲೇ ನಿಂತ ಪೈಪು, ಪ್ಯಾರಪೆಟ್ ಗೋಡೆಗೆ ಸರಿಯಾಗಿ ಕೊಯ್ದು ಬಿಟ್ಟ ಪೈಪು ಎಲ್ಲ ಕಾಣುತ್ತವೆ. ಪ್ಯಾರಪೆಟ್ ಮಟ್ಟದಲ್ಲಿ ನಿಲ್ಲಿಸಿದ್ದು ತಾರಸಿಯಲ್ಲಿ ಸಂಡಿಗೆ ಒಣಹಾಕುವವರ ಮೂಗಿಗೇ ಸರಿಯಾಗಿ ಬರುತ್ತದೆ.

ಎರಡು ಮಹಡಿಯ ಮನೆಯಾದರೆ ಟ್ಯಾಂಕಿನ ಬಳಿ ಒಂದು ಪೈಪ್ ನಿಲ್ಲಿಸುವುದಕ್ಕಿಂತ, ಗೋಡೆಯ ಹೊರಗೆ ಇಳಿದಿರುವ 110 ಮಿಲಿಮೀಟರ್ ಕಕ್ಕಸು ಪೈಪನ್ನೇ ಮೇಲಕ್ಕೆ ಮುಂದುವರಿಸಿ ತಾರಸಿ ದಾಟಿಸುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ಗಾಳಿ ಒಳಕ್ಕೂ ಬರುತ್ತದೆ, ಗ್ಯಾಸ್ ಹೊರಕ್ಕೂ ಹೋಗುತ್ತದೆ. ಟೈಲ್ಸ್ ಒಡೆಯುವ ಮಾತಿಲ್ಲ. ಪೈಪು, ಕ್ಲಾಂಪು, ಏಣಿ, ಪ್ಲಂಬರ್ ಒಬ್ಬರು, ಅಷ್ಟೇ. ತುದಿಗೆ ಸೊಳ್ಳೆ ಜಾಲರಿ ಕಟ್ಟಿ ಮೇಲೆ ಟೋಪಿ ಹಾಕಿಸಿ. ಜಾಲರಿಗೆ ಜೇಡರ ಬಲೆ, ಧೂಳು ಕಟ್ಟಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ಓವರ್‌ಹೆಡ್ ಟ್ಯಾಂಕ್ ತೊಳೆಯುವ ದಿನವೇ ಇದನ್ನೂ ಒರೆಸಿಬಿಡಿ. ಪಕ್ಕದ ಮನೆಯವರ ಮಹಡಿ ಕಿಟಕಿಗೆ ನೇರ ಬರದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ವಾಸನೆ ಹೋಗಿ ಜಗಳ ಬರುತ್ತದೆ.

ಒಂದು ವ್ಯತ್ಯಾಸ ಇಲ್ಲಿ ಹೇಳಲೇಬೇಕು. ಹಳ್ಳಿಗಳಲ್ಲಿ ಸರ್ಕಾರದ ಯೋಜನೆಯಡಿ ಕಟ್ಟಿದ ಎರಡು ಗುಂಡಿಯ ಶೌಚಾಲಯಕ್ಕೆ ವೆಂಟ್ ಬೇಕಿಲ್ಲ. ಅದರ ಗುಂಡಿಯ ಗೋಡೆಯಲ್ಲಿ ಸಂದು ಬಿಟ್ಟಿರುತ್ತಾರೆ, ಗ್ಯಾಸನ್ನು ಸುತ್ತಲಿನ ಮಣ್ಣೇ ಹೀರುತ್ತದೆ. ಅದಕ್ಕೆ ನೀರಿನ ತಡೆಯೂ 20 ಮಿಲಿಮೀಟರ್ ಸಾಕು. ಸಿಮೆಂಟ್ ರಿಂಗ್ ಇಳಿಸಿದ ಪಿಟ್ ಕೂಡ ಬೇಸಿಗೆಯಲ್ಲಿ ಹೀಗೇ ನಡೆದುಕೊಳ್ಳಬಹುದು. ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಕೂತಾಗ ಗ್ಯಾಸಿಗೆ ಮಣ್ಣಿನ ದಾರಿ ಇರುವುದಿಲ್ಲ. ನಮ್ಮದು ಬಂಡೆ ನೆಲ ಬೇರೆ, ನೀರು ಇಂಗುವುದೇ ನಿಧಾನ. ಮಳೆ ಬಂದಾಗ ಮಾತ್ರ ನಾತ ಅನ್ನುವವರ ಮನೆಯಲ್ಲಿ ಬಹುಪಾಲು ಇದೇ ಆಗಿರುತ್ತದೆ. ಅಂಥ ಪಿಟ್ಟಿಗೆ ಹಲವು ಬಾತ್‌ರೂಮ್ ಸೇರಿಸಿದ್ದರೆ ವೆಂಟ್ ಹಾಕಿಸುವುದೇ ಸರಿ.

ಹಾಗಾದರೆ ಪಿಟ್ ಖಾಲಿ ಮಾಡಿಸುವುದು ಯಾವಾಗ? ಮನೆಯ ಒಂದು ಜಾಲಿಯಲ್ಲ, ಎಲ್ಲ ಕಡೆಯೂ ನೀರು ನಿಧಾನವಾಗಿ ಇಳಿಯುತ್ತಿದ್ದರೆ, ಕೆಳಮನೆಯ ಕಮೋಡಿನಲ್ಲಿ ನೀರು ಏರಿ ಆಮೇಲೆ ಇಳಿಯುತ್ತಿದ್ದರೆ, ಚೇಂಬರ್ ಮುಚ್ಚಳದ ಸುತ್ತ ತೇವ ಕಾಣಿಸಿದರೆ. ಇದ್ಯಾವುದೂ ಇಲ್ಲದೆ ಬರೀ ವಾಸನೆ ಇದೆ ಅಂತ ಖಾಲಿ ಮಾಡಿಸಿದರೆ ಕೆಲವು ದಿನ ವಾಸನೆ ಇನ್ನೂ ಹೆಚ್ಚಬಹುದು. ಟ್ಯಾಂಕಿನ ಒಳಗಿನ ಟಿ ಪೈಪುಗಳು ನೀರಿನಲ್ಲಿ ಮುಳುಗಿರಬೇಕು, ಖಾಲಿಯಾದಾಗ ಅವು ಬಾಯಿ ತೆರೆದು ನಿಲ್ಲುತ್ತವೆ. ಹಾಗಾಗಿ ಖಾಲಿ ಮಾಡಿಸಿದ ಮೇಲೆ ಟ್ಯಾಂಕಿಗೆ ನೀರು ತುಂಬಿಸಬೇಕು. ತಳದಲ್ಲಿ ಒಂದಿಷ್ಟು ಕೆಸರು ಉಳಿಸಿ, ಅದರಲ್ಲಿರುವ ಬ್ಯಾಕ್ಟೀರಿಯಾ ಮುಂದಿನ ಕೆಲಸ ಶುರು ಮಾಡುತ್ತವೆ.

ವಾಸನೆ ಇರಲಿ ಬಿಡಲಿ, ಸೆಪ್ಟಿಕ್ ಟ್ಯಾಂಕನ್ನು 2ರಿಂದ 3 ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು ಅನ್ನುವುದು ನಿಯಮ. ನಮ್ಮಲ್ಲಿ ತುಂಬಿ ಹರಿಯುವ ತನಕ ಯಾರೂ ಮುಚ್ಚಳ ಮುಟ್ಟುವುದಿಲ್ಲ. ತೆಗೆಸುವುದಾದರೆ ಸಕ್ಕಿಂಗ್ ಗಾಡಿಯಿಂದಲೇ ತೆಗೆಸಿ. ಒಳಗೆ ಯಾರನ್ನೂ ಇಳಿಸಬೇಡಿ, "ಎರಡು ನಿಮಿಷದ ಕೆಲಸ ಅಣ್ಣಾ" ಅಂದರೂ ಬೇಡ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ದಾಗ ಮೂಗಿಗೆ ಹೊಡೆಯುತ್ತದೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ದಾಟಿದರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ, ಇನ್ನೂ ಹೆಚ್ಚಾದರೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ರಕ್ಷಣಾ ಸಾಮಗ್ರಿ ಇಲ್ಲದೆ ಮನುಷ್ಯರಿಂದ ಟ್ಯಾಂಕ್ ಸ್ವಚ್ಛ ಮಾಡಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುಚ್ಚಳ ತೆಗೆದಾಗ ಬೀಡಿ, ಬೆಂಕಿಕಡ್ಡಿ ಹತ್ತಿರ ತರಬೇಡಿ, ಒಳಗಿರುವುದು ಮೀಥೇನ್. ಮಕ್ಕಳನ್ನು ದೂರ ಕಳಿಸಿ.

ಗಾಡಿಯವರನ್ನು ಇದನ್ನು ಎಲ್ಲಿ ಸುರಿಯುತ್ತೀರಿ ಅಂತ ಒಂದು ಮಾತು ಕೇಳಿ. ದೇವನಹಳ್ಳಿಯಲ್ಲಿ ಪಿಟ್ಟಿನ ಕೆಸರಿಗಾಗಿಯೇ 2015ರಲ್ಲಿ ಸಂಸ್ಕರಣಾ ಘಟಕ ಶುರುವಾಯಿತು. ಅಂಥದ್ದು ಹತ್ತಿರ ಇಲ್ಲದ ಕಡೆ ನಿಮ್ಮ ಟ್ಯಾಂಕಿನದು ಯಾರದೋ ಕೆರೆಗೆ ಹೋಗಬಾರದು ಅಲ್ವಾ.

ಪುಡಿ, ಸಗಣಿ, ಬೆಲ್ಲ

ಬ್ಯಾಕ್ಟೀರಿಯಾ ಪುಡಿಯ ಪೊಟ್ಟಣಗಳು ಈಗ ಎಲ್ಲ ಕಡೆ ಸಿಗುತ್ತವೆ. ಹಳಬರು ಸಗಣಿ ನೀರು, ಹುಳಿ ಮಜ್ಜಿಗೆ, ಬೆಲ್ಲದ ಪಾಕ ಬಿಡುತ್ತಿದ್ದರು. ದಿನಾ ಬಳಸುವ ಟ್ಯಾಂಕಿಗೆ ಇದ್ಯಾವುದೂ ಬೇಕಿಲ್ಲ. ಬೇಕಾದ ಬ್ಯಾಕ್ಟೀರಿಯಾ ನಮ್ಮ ಹೊಟ್ಟೆಯಿಂದಲೇ ದಿನಾ ಹೋಗುತ್ತವೆ. ಸಗಣಿ ಹಾಕಿದರೆ ಕೆಸರು ಇನ್ನಷ್ಟು ಬೆಳೆಯುತ್ತದೆ. ಪುಡಿಗೆ ಕೊಡುವ ದುಡ್ಡನ್ನು ವೆಂಟ್ ಪೈಪಿಗೆ ಕೂಡಿಡಿ. ಒಂದು ಕಡೆ ಪುಡಿ ಹಾಕಿ, ಇನ್ನೊಂದು ಕಡೆ ದಿನಾ ಬಕೆಟ್‌ಗಟ್ಟಲೆ ಫಿನಾಯಿಲ್, ಆಸಿಡ್ ಬಿಡುವವರಿಗೆ ಏನು ಹೇಳುವುದೋ ಗೊತ್ತಿಲ್ಲ.

ಬಚ್ಚಲು ನೀರನ್ನೇ ಬೇರೆ ಮಾಡುವುದು

ಜಾಗ ಇರುವವರಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಇದು ಅಂತ ನನ್ನ ಅಭಿಪ್ರಾಯ. ಹಿಂದಿನ ಮನೆಗಳಲ್ಲಿ ಬಚ್ಚಲು ನೀರು ಹಿತ್ತಲಿನ ಬಾಳೆಗೋ ತೆಂಗಿಗೋ ಹೋಗುತ್ತಿತ್ತು, ಕಕ್ಕಸು ಗುಂಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಬಚ್ಚಲಿಗೆ ಕಕ್ಕಸು ನಾತ ಬರುವ ದಾರಿಯೇ ಇರಲಿಲ್ಲ. ಈಗಲೂ ಬಚ್ಚಲು ಮತ್ತು ಬೇಸಿನ್ನಿನ ಪೈಪ್ ಹೊರಗೋಡೆಯಲ್ಲಿ ಪ್ರತ್ಯೇಕವಾಗಿ ಇಳಿದು ಚೇಂಬರಿನಲ್ಲಿ ಸೇರುತ್ತಿದ್ದರೆ, ಅದನ್ನು ಅಲ್ಲಿಂದ ತಪ್ಪಿಸಿ ಗಲ್ಲಿ ಟ್ರ್ಯಾಪ್ (ಮನೆಯ ಹೊರಗೆ ನೆಲದಲ್ಲಿ ಕೂರಿಸುವ ಟ್ರ್ಯಾಪ್) ಮೂಲಕ ತೆಂಗಿನ ಬುಡದ ಇಂಗುಗುಂಡಿಗೆ ಬಿಡಬಹುದು. ಪಿಟ್ ನಿಧಾನವಾಗಿ ತುಂಬುತ್ತದೆ, ತಿಪಟೂರು ಕಡೆಯವರಿಗೆ ಮರಕ್ಕೂ ಲಾಭ. ಗುಂಡಿಗೆ ಜಲ್ಲಿ ತುಂಬಿ ಮೇಲೆ ಮುಚ್ಚಬೇಕು. ನೀರು ತೆರೆದು ನಿಂತರೆ ವಾಸನೆ ಹೋಗಿ ಸೊಳ್ಳೆ ಬರುತ್ತದೆ. ಕುಡಿಯುವ ನೀರಿನ ಸಂಪಿನ ಪಕ್ಕ ಈ ಗುಂಡಿ ತೆಗೆಯಬೇಡಿ.

ಸೈಟಿನಲ್ಲಿ ಒಂದಡಿ ಮಣ್ಣು ಬಿಡದೆ ಕಟ್ಟಿದವರಿಗೆ ಇದು ಆಗದು. ಅವರು ಚೇಂಬರಿಗೆ ಸೇರುವ ಮುಂಚೆ ಬಚ್ಚಲು ಪೈಪಿಗೆ ಒಂದು ಗಲ್ಲಿ ಟ್ರ್ಯಾಪ್ ಹಾಕಿಸಬಹುದು. ಒಳಗಿನ ಟ್ರ್ಯಾಪ್ ಕೈಕೊಟ್ಟರೂ ಹೊರಗೆ ಇನ್ನೊಂದು ನೀರಿನ ತಡೆ ಇರುತ್ತದೆ. ಅಂಗಳದ ಒಂದೆರಡು ಕಲ್ಲು ಎಬ್ಬಿಸಿದರೆ ಸಾಕು, ಬಾತ್‌ರೂಮ್ ಮುಟ್ಟುವುದೇ ಬೇಡ. ಟೈಲ್ಸ್ ಒಡೆದು ಟ್ರ್ಯಾಪ್ ಬದಲಾಯಿಸುವುದೋ, ಹೊರಗೆ ಗಲ್ಲಿ ಟ್ರ್ಯಾಪ್ ಹಾಕಿಸುವುದೋ ಅಂದರೆ ನಾನು ಎರಡನೆಯದಕ್ಕೆ ಕೈ ಎತ್ತುತ್ತೇನೆ. ಅದಕ್ಕೂ ಕಸ ಕಟ್ಟುತ್ತದೆ, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಬೇಕು.

ಹೊಸ ಮನೆ ಕಟ್ಟುತ್ತಿರುವವರು ಇಷ್ಟನ್ನು ಪ್ಲಂಬರ್ ಹತ್ತಿರ ಮುಂಚೆಯೇ ಮಾತಾಡಿಕೊಳ್ಳಿ: ಆಳದ ಟ್ರ್ಯಾಪ್, ಬಚ್ಚಲಿಗೆ ಬೇರೆ ಪೈಪು, ಹೊರಗೆ ಗಲ್ಲಿ ಟ್ರ್ಯಾಪ್, ತಾರಸಿ ದಾಟುವ ವೆಂಟ್. ಕಟ್ಟುವಾಗ ಇವುಗಳಿಗೆ ತಗಲುವ ಹೆಚ್ಚಿನ ಖರ್ಚು ಒಂದು ಬಾಗಿಲಿನ ಪಾಲಿಶ್‌ಗಿಂತ ಜಾಸ್ತಿ ಅನಿಸುವುದಿಲ್ಲ. ಟೈಲ್ಸ್ ಹಾಕುವ ಹಿಂದಿನ ದಿನ ಒಂದೊಂದು ಟ್ರ್ಯಾಪಿಗೂ ನೀರು ಹಾಕಿಸಿ, ಮೇಲಿನ ಮಹಡಿಯಿಂದ ಒಂದು ಬಕೆಟ್ ನೀರು ಒಮ್ಮೆಲೇ ಸುರಿಸಿ, ಕೆಳಗಿನ ಟ್ರ್ಯಾಪಿನ ನೀರು ಅಲ್ಲಾಡುತ್ತದೆಯೇ ನೋಡಿ. ಆಮೇಲೆ ಅಳತೆ ಟೇಪ್ ಪಕ್ಕದಲ್ಲಿಟ್ಟು ಪೈಪ್ ಲೈನಿನ ಫೋಟೋ ತೆಗೆದು, ಆ ಫೋಟೋಗಳನ್ನು ಮನೆ ಪತ್ರಗಳ ಜೊತೆ ಇಡಿ.